ಒಂಟಿಯವರ ಮನೆಯ ಪಾದರಸ

ನಮ್ಮೂರಿನಲ್ಲಿ ಒಂಟಿಯಾಗಿರುವುದನ್ನು ಗುಟ್ಟಾಗಿಡಲು ಆಗುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಥರ್ಮಾಮೀಟರ್ ಕೈಜಾರಿ ಒಡೆದರೆ, ಯಾರದೋ ಅಂಗಡಿಯಲ್ಲಿ ಟ್ಯೂಬ್‌ಲೈಟು ಬಿದ್ದು ಪುಡಿಯಾದರೆ, ಅದರೊಳಗಿನ ಪಾದರಸ ಬಿದ್ದಲ್ಲೇ ಉಳಿಯುತ್ತಿರಲಿಲ್ಲ. ಸಾಸಿವೆಯಷ್ಟು ಸಣ್ಣ ಗುಂಡುಗಳಾಗಿ ಹೊರಟು, ಹೊಸ್ತಿಲು ದಾಟಿ, ಚರಂಡಿಯ ಅಂಚು ಹಿಡಿದು, ಸುತ್ತಮುತ್ತ ಯಾರು ಹೆಚ್ಚು ಒಂಟಿಯೋ ಅವರ ಮನೆ ಸೇರುತ್ತಿತ್ತು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದವರು ಮೆಟ್ಟಿಲ ಮೇಲೆ ಬೆಳ್ಳಗೆ ಹೊಳೆಯುವುದನ್ನು ಕಂಡು, ಬೀದಿ ಏಳುವುದರೊಳಗೆ ರಂಗೋಲಿ ಪುಡಿ ಉದುರಿಸಿ ಮುಚ್ಚುತ್ತಿದ್ದರು. ಮುಚ್ಚಿದರೇನು ಬಂತು? ಎಳೆಯಿಲ್ಲ, ಚುಕ್ಕಿಯಿಲ್ಲ, ಗಡಿಬಿಡಿಯಲ್ಲಿ ಸುರಿದ ಆ ರಂಗೋಲಿಯನ್ನು ನೋಡಿದರೇ ಎಲ್ಲರಿಗೂ ಅರ್ಥವಾಗುತ್ತಿತ್ತು.

ಊರು ಇದಕ್ಕೆ ಒಗ್ಗಿಕೊಂಡಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ, ಒಂದು ಖಾಲಿ ತಟ್ಟೆ ತರಿಸಿ, ನಡುವೆ ಒಂದು ಗುಂಡು ಪಾದರಸ ಬಿಡುತ್ತಿದ್ದರು. ಅದು ಹುಡುಗಿಯ ಕಡೆಗೂ ಹುಡುಗನ ಕಡೆಗೂ ಹೊರಳದೆ ನಿಂತರೆ ಜಾತಕ ಯಾರೂ ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನನ್ನಂಥವರ ಬಾಯಿಗೆ ಥರ್ಮಾಮೀಟರ್ ಇಟ್ಟರೆ ಜ್ವರವಿರಲಿ ಬಿಡಲಿ, ಪಾದರಸ ಸರ್ರನೆ ಮೇಲೇರುತ್ತಿತ್ತು. ಕಾಂಪೌಂಡರು, "ಒಬ್ಬರೇ ಇರೋದಾ?" ಎಂದು ಕೇಳಿ, ಒಂಟಿತನದ ಪಾಲು ಕಳೆದು ಚೀಟಿಯಲ್ಲಿ ಬರೆಯುತ್ತಿದ್ದ. ಕಳೆಯಲಿ, ಬೇಡ ಅಂದವರಾರು? ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಕೇಳುತ್ತಿದ್ದನಲ್ಲ, ಅದಕ್ಕೇ ನನಗೆ ಅವನನ್ನು ಕಂಡರಾಗುತ್ತಿರಲಿಲ್ಲ. ಮುಖ ಬೆಳ್ಳಗಾಗಲು ಹಚ್ಚುವ ಕ್ರೀಮಿನಲ್ಲೂ ಪಾದರಸವಿದೆ ಎಂದು ನಮಗೆ ತಿಳಿದದ್ದು ತಡವಾಗಿ. ಆದರೆ ಕೆಲವರ ಮನೆಯಲ್ಲಿ ಅದರ ಡಬ್ಬಿ ಬೆಳಗಾಗುವುದರೊಳಗೆ ತಾನಾಗಿ ಸರಿದು ದಿಂಬಿನ ಹತ್ತಿರ ಬಂದಿರುತ್ತದೆ ಎಂಬ ಸುದ್ದಿ ಮೊದಲೇ ಇತ್ತು.

ನನ್ನ ಹೆಸರು ಇಂದುಮತಿ. ಊರವರಿಗೆ ಇಂದಕ್ಕ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಮದುವೆಯಾಗಲಿಲ್ಲ. ಯಾಕೆಂದರೆ ಪ್ರತಿ ಸಲ ತಟ್ಟೆ ಇಟ್ಟಾಗಲೂ ಆ ಗುಂಡು ಒಂದು ಕ್ಷಣವೂ ಯೋಚಿಸದೆ ನನ್ನ ಕಡೆಗೆ ಉರುಳಿತು. ಕೊನೆಯ ಸಲವಂತೂ ತಟ್ಟೆಯ ಅಂಚು ಹಾರಿ ನನ್ನ ಮಡಿಲಿಗೇ ಬಿತ್ತು. ಗಂಡಿನ ಸೋದರತ್ತೆ, "ಈ ಹುಡುಗಿಗೆ ಗಂಡ ಬಂದರೂ ಸಾಲಲ್ಲ ಬಿಡಿ" ಎಂದು ಎದ್ದರು. ಆಗ ಅತ್ತುಬಿಟ್ಟೆ, ಆಮೇಲೆ ನೆನೆದು ನಕ್ಕೆ, ಈಗ ಎರಡೂ ಬಿಟ್ಟಿದ್ದೇನೆ. ನನ್ನ ತಮ್ಮ ಸಂಸಾರ ಕಟ್ಟಿಕೊಂಡು ಬೇರೆ ಊರಿಗೆ ಹೋದ ಮೇಲೆ ಮನೆಯಲ್ಲಿ ನಾನು, ದಾರದ ಉಂಡೆಗಳು, ಮತ್ತು ಪಾದರಸ.

ಸುತ್ತಲಿನ ಮೂರ್ನಾಲ್ಕು ಬೀದಿಯದೆಲ್ಲ ನನ್ನಲ್ಲಿಗೇ ಬರುತ್ತಿತ್ತು. ಬಂದು ಅಡುಗೆಮನೆಯ ಒರಳಿನ ಗುಳಿಯಲ್ಲಿ ಸೇರಿಕೊಳ್ಳುತ್ತಿತ್ತು. ನಾನು ಕುಚ್ಚು ಕಟ್ಟುತ್ತ ಅದರ ಪಕ್ಕದಲ್ಲೇ ಕೂರುತ್ತಿದ್ದೆ. ಮಾತಾಡಿಸಿದರೆ ಮೈ ನಡುಗಿಸುತ್ತಿತ್ತು. ಎದ್ದು ಹೊರಗೆ ಹೋದರೆ ಗುಳಿಯ ಆ ಬದಿಗೆ ಒತ್ತರಿಸಿಕೊಂಡು ಬಾಗಿಲ ಕಡೆ ನೋಡುತ್ತಿತ್ತು. ಕಣ್ಣಿಲ್ಲದ್ದು ಹೇಗೆ ನೋಡುತ್ತದೆ ಎಂದು ಕೇಳಬೇಡಿ. ಮನೆಗೆ ಬಂದಾಗ ತಮಗಾಗಿ ಕಾಯುವಂಥದ್ದು ಏನೂ ಇಲ್ಲದವರಿಗೆ ಅದು ಗೊತ್ತಾಗುತ್ತದೆ. ನನಗದು ಬೇಕಾಗಿತ್ತು. ಅದರ ಮೇಲೆ ನನಗೆ ಜೀವವಿತ್ತು.

ಆಮೇಲೆ ನನ್ನ ಕೈ ನಡುಗತೊಡಗಿತು. ಮೊದಮೊದಲು ವಯಸ್ಸು ಅಂದುಕೊಂಡೆ. ಸೂಜಿಗೆ ದಾರ ಪೋಣಿಸಲು ಬೆಳಗಿನ ಹೊತ್ತೆಲ್ಲ ಬೇಕಾಯಿತು. ಗಂಟು ಸಡಿಲವಾಗಿ ಕುಚ್ಚುಗಳು ಉದುರಿ, ಗಿರಾಕಿಗಳು ಸೀರೆ ತಂದು ಮುಖದ ಮೇಲೆ ಎಸೆದರು. ನಿದ್ದೆ ಹೋಯಿತು, ವಸಡು ಊದಿಕೊಂಡಿತು, ಮೊದಲೇ ಸಿಡುಕಿಯಾದವಳು ಹಾಲಿನವಳ ಮೇಲೂ ಹರಿಹಾಯತೊಡಗಿದೆ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಜುಬೇದಾ ಡಾಕ್ಟರು ನನ್ನ ಕೈ ಹಿಡಿದು ನೋಡಿ, "ಮನೇಲಿ ಪಾದರಸ ಎಷ್ಟಿದೆ?" ಎಂದು ಕೇಳಿದರು. ನಾನು ಬೊಗಸೆ ಮಾಡಿ ತೋರಿಸಿದೆ. ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಅದು ಸುಮ್ಮನೆ ಕೂತಿರೋ ಹಾಗೆ ಕಾಣುತ್ತೆ ಇಂದಕ್ಕ. ಆದ್ರೆ ಕಣ್ಣಿಗೆ ಕಾಣದೆ ಗಾಳಿಗೆ ಸೇರ್ತಾನೇ ಇರುತ್ತೆ. ನೀವು ಅದನ್ನೇ ಉಸಿರಾಡ್ತಿದೀರಿ. ಕೈಗೂ ತಲೆಗೂ ಹೋಗಿದೆ."

"ಅದು ನಂಗೇನು ಕೆಟ್ಟದ್ದು ಮಾಡುತ್ತೆ ಡಾಕ್ಟ್ರೇ? ನನ್ನ ಜೊತೇಲೇ ಇರೋದು."

"ಜೊತೇಲಿರೋದಕ್ಕೇ ಮಾಡ್ತಿದೆ" ಎಂದರು.

ಕಾಯ್ದೆ ಬೇಕು ಎಂದು ಪಟ್ಟು ಹಿಡಿದವರು ಇವರೇ. ಪಾದರಸವಿರುವ ಥರ್ಮಾಮೀಟರ್, ಬಿ.ಪಿ. ಯಂತ್ರ, ದೀಪ, ಸ್ವಿಚ್ಚು, ಆಟದ ಸಾಮಾನಿನ ಗುಂಡಿ ಸೆಲ್ಲು, ಮುಖದ ಕ್ರೀಮು, ಯಾವುದನ್ನೂ ಊರಿನಲ್ಲಿ ಮಾರಬಾರದು, ಇಟ್ಟುಕೊಳ್ಳಬಾರದು, ಇದ್ದದ್ದನ್ನು ಪುರಸಭೆಗೆ ಒಪ್ಪಿಸಬೇಕು. ಎಲ್ಲಕ್ಕೂ ಬದಲಿ ಇದೆ ಎಂದು ಅವರು ಒಂದು ಚೀಲದ ತುಂಬ ಬದಲಿ ಸಾಮಾನು ತಂದು ತೋರಿಸಿದರು. ಪುರಸಭೆಯ ಅಂಗಳದಲ್ಲಿ ಸಭೆ ಸೇರಿತು. ಫ್ಯಾನ್ಸಿ ಸ್ಟೋರಿನ ತಿಪ್ಪೇಶಿ ಎದ್ದು, "ಕ್ರೀಮು ನಿಲ್ಸಿದ್ರೆ ಕಪ್ಪಗಿರೋ ಹೆಣ್ಮಕ್ಳು ಏನ್ ಮಾಡ್ಬೇಕು?" ಎಂದ. "ಕಪ್ಪಗೆ ಚೆನ್ನಾಗಿರಲಿ, ಕಿಡ್ನಿ ಉಳೀತದೆ" ಎಂದರು ಡಾಕ್ಟರು. ಹೆಂಗಸರ ಕಡೆಯಿಂದ ಚಪ್ಪಾಳೆ ಬಿತ್ತು. ತಿಪ್ಪೇಶಿ ಕೂತುಕೊಂಡ.

ಆಗ ರಿಟೈರಾದ ಪೋಸ್ಟ್‌ಮ್ಯಾನ್ ಚೆನ್ನಬಸಪ್ಪ ಎದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಮನೆ ಕಡೆಗೂ ಪಾದರಸ ಹರಿಯುತ್ತಿತ್ತು. "ಸ್ವಾಮಿ, ನಾನು ಊರಿನ ಬಾಗಿಲೆಲ್ಲ ತಟ್ಟಿದೋನು. ನನ್ನ ಬಾಗಿಲಿಗೆ ಬರೋದು ಅದೊಂದೇ. ಅದೂ ಬರಬಾರದು ಅಂತ ಕಾನೂನು ಮಾಡ್ತೀರಾ?" ಎಂದರು. ಡಾಕ್ಟರು ತಲೆ ತಗ್ಗಿಸಿದರು. ಕಾಯ್ದೆ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ನಾನು ಯಾಕೆ ಎದ್ದೆನೋ. ಸಭೆಯಲ್ಲಿ ಮಾತಾಡಿದವಳಲ್ಲ. "ನನ್ನ ಮನೆಗೂ ಅದೊಂದೇ ಬರೋದು ಚೆನ್ನಬಸಪ್ನೋರೇ" ಎಂದು ಎರಡು ಕೈ ಮುಂದೆ ಚಾಚಿದೆ. ಬೆರಳುಗಳು ತಮ್ಮಷ್ಟಕ್ಕೆ ಕುಣಿಯುತ್ತಿದ್ದವು. "ಇದು ಕುಚ್ಚು ಕಟ್ತಿದ್ದ ಕೈ. ಈಗ ಅನ್ನ ಕಲಸಿದ್ರೆ ತಟ್ಟೆಯಿಂದ ಹೊರಗೆ ಹೋಗುತ್ತೆ. ಅದು ಬರೋದು ಪ್ರೀತಿಯಿಂದ್ಲೇ ಇರಬಹುದು. ಆದ್ರೂ ಬೇಡ. ಕಾನೂನು ಆಗ್ಲಿ." ಇಷ್ಟು ಹೇಳಿ ಕೂತೆ. ಅಳು ಬಂತು, ಸೆರಗು ಬಾಯಿಗಿಟ್ಟುಕೊಂಡೆ. ಚೆನ್ನಬಸಪ್ಪ ನನ್ನ ಕೈಗಳನ್ನೇ ನೋಡುತ್ತಿದ್ದು, ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ಮೊದಲು ಕೈ ಎತ್ತಿದವರು ಅವರೇ. ಕಾಯ್ದೆ ಆಯಿತು.

ಆದದ್ದೇನೋ ಆಯಿತು, ಜಾರಿ ಮಾಡುವುದು ಹೇಗೆ? ಪುರಸಭೆಯವರು ನಾಲ್ಕು ಜನ ನೌಕರರಿಗೆ ಕೈಗವಸು ಕೊಟ್ಟು ಕಳಿಸಿದರು. ನಾಲ್ವರೂ ಸಂಸಾರವಂದಿಗರು, ಮನೆ ತುಂಬ ಮಕ್ಕಳು, ಸಂಜೆಯಾದರೆ ಕೇರಂ ಬೋರ್ಡು. ಅಂಥವರನ್ನು ಕಂಡು ಪಾದರಸ ಬರುತ್ತದೆಯೇ? ಒಡೆಯದ ಸಾಮಾನೆಲ್ಲ ಅವರ ಪೆಟ್ಟಿಗೆ ಸೇರಿತು. ನೆಲದ ಬಿರುಕಿನಲ್ಲಿ, ಮಂಚದ ಕೆಳಗೆ, ಗೋಡೆಯ ಸಂದಿಯಲ್ಲಿ ವರ್ಷಾನುಗಟ್ಟಲೆ ಕೂತದ್ದು ಮಾತ್ರ ಅಲುಗಲಿಲ್ಲ. ಕೊನೆಗೆ ಅಧ್ಯಕ್ಷರು ಹಲ್ಲು ಕಿರಿಯುತ್ತ ನನ್ನ ಮನೆಗೆ ಬಂದರು. "ನಿಮ್ಮಂಥ ಅನುಭವಸ್ಥರು ಬೇಕಿತ್ತು" ಎಂದರು. ಒಂಟಿಯವರು ಅನ್ನಲು ನಾಚಿಕೆ ಅವರಿಗೆ. ಜುಬೇದಾ ಡಾಕ್ಟರು ಬೇಡವೇ ಬೇಡ ಎಂದು ಜಗಳವಾಡಿದರು. "ಹೇಗಿದ್ರೂ ಅದೆಲ್ಲ ನನ್ನ ಮನೆಗೇ ಬರೋದು ಡಾಕ್ಟ್ರೇ. ಒರಳಿಗೆ ಬರೋ ಬದ್ಲು ಬಾಟ್ಲಿಗೆ ಹೋಗ್ಲಿ" ಎಂದೆ. ಅವರು ಮುಖಕ್ಕೆ ಕಟ್ಟುವ ಮಾಸ್ಕು, ಕೈಗವಸು, ನೀರು ಹಾಕಿದ ದಪ್ಪ ಗಾಜಿನ ಬಾಟಲಿ ಕೊಟ್ಟು, ಕಿಟಕಿ ಬಾಗಿಲು ತೆರೆಸದೆ ಎಲ್ಲೂ ಕೂರಬಾರದೆಂದು ಆಣೆ ಹಾಕಿಸಿಕೊಂಡರು.

ಮೊದಲು ತುಂಬಿದ್ದು ನನ್ನ ಒರಳಿನದೇ. ಅದನ್ನು ರಟ್ಟಿನಿಂದ ಬಾಟಲಿಗೆ ತಳ್ಳುವಾಗ ನಾನು ಏನೇನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ.

ಕೆಲಸ ಸುಲಭ. ಒಂದು ಮನೆಗೆ ಹೋಗುವುದು, ನಡುಮನೆಯಲ್ಲಿ ಕೂರುವುದು. ಸ್ವಲ್ಪ ಹೊತ್ತಿಗೆ ಬೀರುವಿನ ಅಡಿಯಿಂದ, ದೇವರ ಗೂಡಿನ ಹಿಂದಿನಿಂದ ಒಂದೊಂದೇ ಗುಂಡು ಹೊರಬಂದು ನನ್ನ ಕಾಲ ಬಳಿ ಸೇರುವುದು. ಅಷ್ಟು ಹೊತ್ತು ಸುಮ್ಮನೆ ಕೂರಲು ಬಿಡುತ್ತಾರೆಯೇ? ಕಾಫಿ ಕೊಟ್ಟರು, ಕೋಡುಬಳೆ ಕೊಟ್ಟರು. ಮಗಳ ಮಾರ್ಕು, ಗಂಡನ ಗೊರಕೆ, ಪಕ್ಕದ ಮನೆಯವರ ಜಂಬ, ಎಲ್ಲ ಹೇಳಿದರು. ಎಷ್ಟೋ ವರ್ಷ ಸೀರೆಯನ್ನು ಬಾಗಿಲಲ್ಲೇ ಕೊಟ್ಟು ಬಾಗಿಲಲ್ಲೇ ಇಸಿದುಕೊಂಡವರು ಈಗ, "ಇಂದಕ್ಕ, ನಾಳೆ ನಮ್ಮನೆ ಹಿತ್ತಿಲ ಕೋಣೆ, ಮರೀಬೇಡಿ" ಎಂದು ಬೀದಿಯಲ್ಲಿ ಕೂಗಿ ಕರೆದರು. ಸಂಜೆ ಮನೆಗೆ ಬಂದರೆ ದಣಿವಿಗೆ ಕಣ್ಣು ಎಳೆಯುತ್ತಿತ್ತು. ಖಾಲಿ ಒರಳನ್ನು ನೋಡಲು ಪುರುಸೊತ್ತೇ ಇರಲಿಲ್ಲ. ನಾನು ಸುಖವಾಗಿದ್ದೆ. ಅದು ಸುಖವೆಂದು ಆಗ ಗೊತ್ತಾಗಲಿಲ್ಲ.

ಗೊತ್ತಾದದ್ದು ಪುಟ್ಟಗೌರಮ್ಮನವರ ಮನೆಯಲ್ಲಿ. ದೊಡ್ಡ ಮನೆ, ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಊಟಕ್ಕೆ ಮೂರು ಪಂಕ್ತಿ ಎಲೆ ಹಾಕಬೇಕು. ಕಿರಿಸೊಸೆ ಚಂಪಾ ಬಸುರಿ. "ನಮ್ಮನೇಲಿ ಅಂಥದ್ದೆಲ್ಲ ಏನಿಲ್ಲ ಇಂದಮ್ಮ. ಡಾಕ್ಟ್ರು ಬಸುರೀರಿರೋ ಮನೇನ ನೋಡ್ಲೇಬೇಕು ಅಂದ್ರಲ್ಲ, ಬಂದು ಕೂತು ಹೋಗು" ಎಂದರು ಪುಟ್ಟಗೌರಮ್ಮ, ದೇವಸ್ಥಾನಕ್ಕೆ ಚಂದಾ ಕೊಡುವವರ ಧಾಟಿಯಲ್ಲಿ. ನಾನು ಕಂಬಕ್ಕೆ ಒರಗಿ ಕೂತೆ. ಚಂಪಾ ಕಾಫಿ ತಂದಳು. ಅಷ್ಟರಲ್ಲಿ ಕೋಣೆಯ ಬಾಗಿಲ ಸಂದಿಯಿಂದ ಪಾದರಸ ಹೊರಟಿತು. ಒಂದೆರಡು ಗುಂಡಲ್ಲ. ಹಗ್ಗದ ಹಾಗೆ ಉದ್ದಕ್ಕೆ ಬಂತು. ನಡುಮನೆಯ ಮಧ್ಯಕ್ಕೆ ಬಂದು, ನನ್ನ ಕಡೆ ಒಂದಿಷ್ಟು ವಾಲಿ, ನಿಂತು, ಆಮೇಲೆ ತಿರುಗಿ ಚಂಪಾಳ ಕಾಲುಂಗುರದ ಸುತ್ತ ಹೋಗಿ ಮುದುಡಿಕೊಂಡಿತು. ಚಂಪಾಳ ಕೈಯಲ್ಲಿ ಲೋಟ ಕಟಕಟ ಸದ್ದು ಮಾಡುತ್ತಿತ್ತು. ಆ ನಡುಕ ನನಗೆ ಚೆನ್ನಾಗಿ ಪರಿಚಯವಿತ್ತು.

"ಅದ್ಯಾಕೆ ಆ ಕಡೆ ಹೋಯ್ತು?" ಪುಟ್ಟಗೌರಮ್ಮನವರ ದನಿ ಬಿಗಿಯಾಯಿತು. ಇಷ್ಟು ಜನರಿರುವ ಮನೆಯಲ್ಲಿ ಸೊಸೆ ಒಂಟಿ ಎಂದರೆ ಮನೆತನಕ್ಕೇ ಮಾತು. ನನ್ನ ಬಾಯಿಗೆ ಸುಳ್ಳು ತಾನಾಗಿ ಬಂತು. "ಬಿಸಿಗೆ ಹೋಗುತ್ತೆ ಅಮ್ಮಾವ್ರೇ. ಕಾಫಿ ಹಿಡ್ಕೊಂಡಿದಾಳಲ್ಲ. ಇದು ಹಳೇದು, ಹಟಮಾರಿ. ನಾನು ಸ್ವಲ್ಪ ದಿನ ಮಧ್ಯಾಹ್ನ ಬಂದು ಆ ಕೋಣೇಲಿ ಕೂರ್ಬೇಕಾಗುತ್ತೆ."

ಪಾದರಸ ಚಂಪಾಳ ಹಿಂದೆಯೇ ಹೋಗಿ ಮಂಚದ ಕೆಳಗೆ ಸೇರಿತು. ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡ ಮೇಲೆ ಚಂಪಾ ಗೋಡೆಗೆ ಹಣೆ ಒತ್ತಿ ನಿಂತಳು. "ಮಂಚದ ಕೆಳಗಿನ ಬೋಗುಣೀಲಿ ಇಟ್ಕೊಂಡಿದೀನಿ ಅಕ್ಕ. ಮದುವೆಯಾಗಿ ಬಂದಾಗಿಂದ ಬರ್ತಿದೆ. ಎಲ್ರೂ ನನ್ನ ಕರೀತಾರೆ. ನೀರು ತಾ, ಟವೆಲ್ ಎಲ್ಲಿ, ಸಾರಿಗೆ ಉಪ್ಪು ಸಾಲ್ದು. ಚಂಪಾ ಅಂತ ಸುಮ್ನೆ ಕರೆಯೋದು ಯಾರೂ ಇಲ್ಲ. ಇದರ ಹತ್ರ ಮಾತಾಡ್ತೀನಿ."

"ಅದು ತಿರುಗಿ ಮಾತಾಡಲ್ಲ."

"ಎದ್ದು ಹೋಗೋದೂ ಇಲ್ವಲ್ಲ."

"ಮಗೂಗೆ ತಾಕುತ್ತೆ ಕಣೇ. ನೀನು ಉಸಿರಾಡಿದ್ದು ಅದಕ್ಕೂ ಹೋಗುತ್ತೆ" ಎಂದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ಗಾಬರಿಯಿಂದ ನೋಡಿದಳು. ಅವಳೇ ಬೋಗುಣಿ ಎತ್ತಿ ನನ್ನ ಕಡೆ ತಳ್ಳಿದಳು. ಪಾದರಸ ಹಾರಿ ಅವಳ ಪಾದದ ಹತ್ತಿರವೇ ಬಿತ್ತು. ರಟ್ಟು ಹಿಡಿದರೆ ಚೂರುಚೂರಾಗಿ ತಪ್ಪಿಸಿಕೊಂಡು ಮತ್ತೆ ಅವಳಲ್ಲಿಗೇ. ಅದು ಬೋಗುಣಿಯಲ್ಲಿದ್ದಾಗಲೇ ಊರಾಚೆ ಒಯ್ದು ಇಟ್ಟರೂ ಮರುದಿನ ಪಾದರಸ ಅವಳ ಮಂಚದ ಕೆಳಗಿತ್ತು. ನನ್ನನ್ನು ಅದು ಕಣ್ಣೆತ್ತಿ ನೋಡಲೂ ಇಲ್ಲ. ಊರಿನ ಕಾಫಿ ಕುಡಿದು ಕುಡಿದು ನಾನು ಆ ಕೆಲಸಕ್ಕೆ ಬಾರದವಳಾಗಿದ್ದೆ. ಚೆನ್ನಬಸಪ್ಪನವರನ್ನು ಕರೆಯೋಣವೆಂದರೆ ಬಸುರಿ ಹೆಂಗಸಿನ ಕೋಣೆಗೆ ಪರಗಂಡಸನ್ನು ಬಿಡುವವರಾರು? ಕರೆದರೆ ಗುಟ್ಟೂ ಉಳಿಯುವುದಿಲ್ಲ. ಡಾಕ್ಟರು ಮಂಚವನ್ನು ಹಜಾರಕ್ಕೆ ಹಾಕಿಸಿದರು, ಕಿಟಕಿಗಳನ್ನು ಕೀಳಿಸಿದರು. "ಬೇಗ ಏನಾದ್ರೂ ಮಾಡಿ ಇಂದಕ್ಕ, ಒಂದೊಂದು ದಿನವೂ ಮಗುವಿನ ಲೆಕ್ಕಕ್ಕೇ ಹೋಗ್ತಿದೆ" ಎಂದರು.

ನನಗೆ ತಿಳಿದ ದಾರಿ ಒಂದೇ. ಪಾದರಸಕ್ಕೆ ನನ್ನ ಮೇಲೆ ಮನಸ್ಸಿಲ್ಲದಿದ್ದರೆ, ಚಂಪಾಳ ಮೇಲೂ ಮನಸ್ಸಿಲ್ಲದ ಹಾಗೆ ಮಾಡಬೇಕು. ಬೇರೆ ಮನೆಗಳನ್ನು ಬಿಟ್ಟೆ. ದಿನಾ ಮಧ್ಯಾಹ್ನ ಒಂದು ಸೀರೆ, ದಾರ ತೆಗೆದುಕೊಂಡು ಹೋಗಿ ಹಿತ್ತಿಲ ಕಟ್ಟೆಯ ಮೇಲೆ ಗಾಳಿಗೆ ಅವಳನ್ನು ಕೂರಿಸಿಕೊಂಡೆ. ಅವಳಿಗೆ ಕುಚ್ಚು ಹೇಳಿಕೊಟ್ಟೆ. ಇಬ್ಬರ ಕೈಯೂ ನಡುಗುತ್ತಿತ್ತು. ಒಬ್ಬಳು ಸೆರಗು ಬಿಗಿಹಿಡಿದರೆ ಇನ್ನೊಬ್ಬಳು ಗಂಟು ಹಾಕಬೇಕು. ಆದರೂ ಕುಚ್ಚು ಒಂದು ಗಿಡ್ಡ, ಒಂದು ಉದ್ದ. ಕೆಲಸವಿಲ್ಲದೆ ಸುಮ್ಮನೆ ಚಂಪಾ ಎಂದು ಕರೆಯುತ್ತಿದ್ದೆ. "ಏನಕ್ಕ?" ಎನ್ನುತ್ತಿದ್ದಳು. "ಏನಿಲ್ಲ" ಎನ್ನುತ್ತಿದ್ದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ, ಆಮೇಲೆ ಅವಳೂ, "ಇಂದಕ್ಕ" ಎಂದು ಕರೆದು, "ಏನಿಲ್ಲ" ಎನ್ನತೊಡಗಿದಳು.

ಒಂದು ದಿನ ಸೋದರತ್ತೆಯ ಕಥೆ ಹೇಳಿದೆ. ಪಾದರಸ ತಟ್ಟೆ ಹಾರಿ ಮಡಿಲಿಗೆ ಬಿದ್ದದ್ದು, ಆಕೆ ಸೆರಗು ಕೊಡವಿಕೊಂಡು ಎದ್ದದ್ದು, ಹೋಗುವಾಗ ಮರೆಯದೆ ಕೇಸರಿಬಾತು ಕಟ್ಟಿಸಿಕೊಂಡದ್ದು. ಚಂಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೇಡ ಅಕ್ಕ, ಮಗು ಒದೀತಿದೆ" ಎನ್ನುತ್ತ ಮತ್ತೆ ನಕ್ಕಳು. ನಗು ನಿಂತ ಮೇಲೆ ನೋಡುತ್ತೇನೆ, ಪಾದರಸ ಕಟ್ಟೆಯ ಕೆಳಗೆ ಚೆಲ್ಲಿದ ನೀರಿನಂತೆ ಬಿದ್ದಿದೆ. ನಡುಕವಿಲ್ಲ, ಯಾರ ಕಡೆಗೂ ಒಲವಿಲ್ಲ. ಮಾಸ್ಕು ಕಟ್ಟಿಕೊಂಡು ರಟ್ಟು ಹಿಡಿದೆ. ಎಲ್ಲ ಸಾಮಾನಿನಂತೆ ಅದೂ ಬಾಟಲಿಗೆ ಇಳಿಯಿತು. ಬಿರಡೆ ಬಿಗಿದೆ.

"ಹೋಯ್ತಾ ಅಕ್ಕ?" ಎಂದಳು. ಮುಖ ಆ ಕಡೆ ತಿರುಗಿಸಿದ್ದಳು. ಅವಳಿಗೆ ಅಳುವಷ್ಟು ಹೊತ್ತು ಕೊಟ್ಟು, ಅರ್ಧ ಉಳಿದಿದ್ದ ಕುಚ್ಚು ಮುಗಿಸಿದೆ.

ಅವಳು ಹೆರಿಗೆಗೆ ತವರಿಗೆ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದಿದ್ದರು. ಬಸ್ಸು ಹತ್ತುವಾಗ ಚಂಪಾ ನನ್ನ ಕೈ ಬಿಡಲಿಲ್ಲ, ಕಂಡಕ್ಟರು ಬೈಯಬೇಕಾಯಿತು. ಊರಿನಲ್ಲಿ ನಾನು ಬಿಟ್ಟ ಮನೆಗಳಲ್ಲಿ ನನ್ನ ಬದಲು ಚೆನ್ನಬಸಪ್ಪ ಕೂತು ಅಷ್ಟರಲ್ಲಿ ಕೆಲಸ ಮುಗಿಸಿದ್ದರು. ಕೂರಲು ಇನ್ನು ಮನೆಗಳೇ ಇರಲಿಲ್ಲ.

ಬಾಟಲಿಗಳನ್ನು ಒಯ್ಯಲು ಲಾರಿ ಬಂತು. ಮರದ ಪೆಟ್ಟಿಗೆಗಳಲ್ಲಿ ಹುಲ್ಲು ತುಂಬಿ ಸಾಲಾಗಿ ನಿಲ್ಲಿಸಿದ್ದರು. ಊರೇ ನೋಡಲು ನೆರೆದಿತ್ತು. ಅಧ್ಯಕ್ಷರು ಭಾಷಣ ಮಾಡಿ, ನನಗೊಂದು ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟುತ್ತಿದ್ದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಲಾರಿಯ ಕಡೆ ನೋಡುತ್ತಿದ್ದರು. ನಾನೂ ತಿರುಗಿದೆ. ಅಷ್ಟೂ ಬಾಟಲಿಗಳಲ್ಲಿ ಪಾದರಸ ಒಂದೇ ಬದಿಗೆ ಒತ್ತಿಕೊಂಡು, ಗಾಜಿಗೆ ಮೈಯಾನಿಸಿ, ನಾನು ನಿಂತ ಕಡೆಗೆ ವಾಲಿ ನಿಂತಿತ್ತು. ನಾನು ಎಡಕ್ಕೆ ಸರಿದರೆ ಅದೂ ಎಡಕ್ಕೆ. ಶಾಲು ತಲೆಯ ಮೇಲೆ ಎಳೆದುಕೊಳ್ಳೋಣ ಅನ್ನಿಸಿತು. ಡ್ರೈವರು ಪಾಪ, ಏನೂ ತಿಳಿಯದ ಪರಊರಿನವನು, ಗಾಡಿ ಚಾಲೂ ಮಾಡಿದ. ತಿರುವಿನವರೆಗೂ ಬಾಟಲಿಗಳು ಹಿಂದಕ್ಕೇ ವಾಲಿದ್ದವು. ಆಮೇಲೆ ಲಾರಿ ಕಾಣಲಿಲ್ಲ. ಜನ ನನ್ನ ಮುಖ ನೋಡದೆ ಮನೆಗೆ ಹೊರಟರು.

ನನ್ನ ಕೈ ಚೆನ್ನಾಗಾಗುತ್ತ ಬಂತು. ಸೂಜಿ ಒಂದೇ ಸಲಕ್ಕೆ ಪೋಣಿಸುತ್ತೇನೆ. ವಸಡು ಇಳಿಯಿತು, ಹಾಲಿನವಳ ಹತ್ತಿರ ರಾಜಿಯಾಯಿತು. ಊರಿನಲ್ಲೂ ನಡುಗುವ ಕೈಗಳು ಕಡಿಮೆಯಾದವು. ಕಾಯ್ದೆ ಒಳ್ಳೆಯದೇ. ಇನ್ನೊಮ್ಮೆ ಸಭೆ ಸೇರಿದರೆ ಇನ್ನೊಮ್ಮೆ ಎದ್ದು ಹಾಗೇ ಹೇಳುತ್ತೇನೆ. ಆದರೆ ಕುಚ್ಚು ಕಟ್ಟುತ್ತ ಮಾತಾಡಿದರೆ ಮನೆಯಲ್ಲಿ ಏನೂ ಅಲುಗುವುದಿಲ್ಲ. ಸೀರೆಗಳು ಮತ್ತೆ ಬಾಗಿಲಲ್ಲೇ ಬಂದು ಬಾಗಿಲಲ್ಲೇ ಹೋಗುತ್ತವೆ. ಬೆಳಿಗ್ಗೆ ಮೆಟ್ಟಿಲು ಚೊಕ್ಕಟ. ಎಲ್ಲರ ಮನೆಯ ಮೆಟ್ಟಿಲೂ ಚೊಕ್ಕಟ, ಆದ್ದರಿಂದ ಎಲ್ಲರೂ ಸುಖವಾಗಿದ್ದಾರೆ ಎಂದು ಊರು ನಂಬಿಕೊಂಡಿದೆ. ಲಾರಿ ಹೋದ ಮೇಲೆ ನಾನು ಯಾರ ಮನೆಗೂ ಹೋಗದಿರಲು ಕಾರಣ ಬಿಗುಮಾನವಲ್ಲ. ಹೋಗಿ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಒಂಟಿತನವನ್ನು ಬಾಯಿಬಿಟ್ಟು ಹೇಳಿದವರೇ ಇಲ್ಲ. ಪಾದರಸವಿದ್ದಾಗ ಹೇಳುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.

ನಿನ್ನೆ ಮಧ್ಯಾಹ್ನ ತಡೆಯಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಹೋಗಿ ಪುಟ್ಟಗೌರಮ್ಮನವರ ಮನೆಯ ಬಾಗಿಲು ಬಡಿದೆ. ಅವರೇ ತೆಗೆದರು. ನಿದ್ದೆಯ ಕಣ್ಣು, ಕೆದರಿದ ಕೂದಲು.

"ಏನು ಇಂದಮ್ಮ? ಚಂಪಾ ಇನ್ನೂ ಬಂದಿಲ್ವಲ್ಲ."

"ಚಂಪಾನ ನೋಡಕ್ಕೆ ಬಂದಿಲ್ಲ."

"ಮತ್ತೆ? ಇನ್ನೂ ಪಾದರಸ ಉಳಿದಿದ್ಯಾ?"

"ಇಲ್ಲ ಅಮ್ಮಾವ್ರೇ." ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಮನೇಲಿ ಒಬ್ಬಳೇ ಇರಕ್ಕೆ ಆಗ್ತಿಲ್ಲ. ಸ್ವಲ್ಪ ಹೊತ್ತು ಇಲ್ಲಿ ಕೂತಿರ್ಲಾ?"

ಪುಟ್ಟಗೌರಮ್ಮ ಥಟ್ಟನೆ ಕಣ್ಣು ತಗ್ಗಿಸಿ ನನ್ನ ಕಾಲ ಸುತ್ತ ಹುಡುಕಿದರು. ಧೂಳು ಹಿಡಿದ ಎರಡು ಪಾದ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ನಂಬಬೇಕೋ ಬೇಡವೋ ಎಂದು ಅವರು ಇನ್ನೂ ಅಲ್ಲಿಯೇ ನೋಡುತ್ತಿದ್ದರು. ನಾನು ಕಾಯುತ್ತ ನಿಂತೆ.